ಇಂಗ್ಲಿಷಿಗೂ ಸಂಧಿ ಇದೆ, ಸ್ವಾಮಿ

"ಸಬ್‌ಟೈಟಲ್ ಇದ್ರೆ ಎಲ್ಲಾ ಅರ್ಥ ಆಗತ್ತೆ ಸರ್, ತೆಗೆದ್ರೆ ಏನೂ ಇಲ್ಲ." ವಿಜಯನಗರದಿಂದ ಬಂದವರಿರಲಿ, ವೈಟ್‌ಫೀಲ್ಡ್‌ನಿಂದ ಬಂದವರಿರಲಿ, ನನ್ನ ಬಳಿ ಇಂಗ್ಲಿಷ್ ಕಲಿಯಲು ಬಂದವರ ಮೊದಲ ಮಾತು ಇದೇ. ಬೆನ್ನಲ್ಲೇ ಎರಡನೆಯದು: "ನನ್ನ ವೊಕ್ಯಾಬುಲರಿ ವೀಕು." ಈ ಎರಡನೆಯ ಮಾತನ್ನು ತಾವೇ ನಂಬಿಕೊಂಡು ಅವೆನ್ಯೂ ರಸ್ತೆಯಲ್ಲಿ ಪದಗಳ ಪುಸ್ತಕವೊಂದನ್ನು ಚೌಕಾಸಿ ಮಾಡಿ ತಂದು, ದಿನಕ್ಕೆ ಇಪ್ಪತ್ತರಂತೆ ಉರು ಹೊಡೆಯುತ್ತಾರೆ. ಮೂರು ತಿಂಗಳಾದ ಮೇಲೂ ಅದೇ ಕಾಲ್‌ನಲ್ಲಿ, ಅದೇ ಅಮೆರಿಕದ ಗ್ರಾಹಕನಿಗೆ "ಸಾರಿ, ಕಮ್ ಅಗೇನ್?" ಎನ್ನುತ್ತಲೇ ಇರುತ್ತಾರೆ.

ಸ್ವಲ್ಪ ಯೋಚಿಸಿ. ಸಬ್‌ಟೈಟಲ್ ಓದಿದರೆ ಅರ್ಥವಾಗುತ್ತದೆ ಅಂದಮೇಲೆ ಆ ಪದಗಳೆಲ್ಲ ನಿಮಗೆ ಗೊತ್ತಿವೆ. ಗೊತ್ತಿರುವ ಪದ ಕಿವಿಗೆ ಬಿದ್ದಾಗ ಅದರ ಗುರುತು ಹತ್ತುತ್ತಿಲ್ಲ, ಅಷ್ಟೇ. ಇದು ಬೇರೆ ಕಾಯಿಲೆ. ಪದಗಳ ಪುಸ್ತಕ ಇದಕ್ಕೆ ಮದ್ದಲ್ಲ.

ಕಾಯಿಲೆ ಏನೆಂದು ತಿಳಿಯಲು ಕನ್ನಡವನ್ನೇ ತಿರುಗಿಸಿ ನೋಡಿ. ಹೊರರಾಜ್ಯದಿಂದ ಬೆಂಗಳೂರಿಗೆ ಬಂದ ಸಹೋದ್ಯೋಗಿಯೊಬ್ಬರು ಪುಸ್ತಕ ನೋಡಿ "ನೀವು ಏನು ಮಾಡುತ್ತಾ ಇದ್ದೀರಿ" ಎಂಬುದನ್ನು ಚೆನ್ನಾಗಿ ಕಲಿತಿದ್ದಾರೆ. ನೀವು ಅವರ ಮೇಜಿನ ಬಳಿ ಹೋಗಿ "ಏನ್ಮಾಡ್ತಿದೀರಾ?" ಅಂದರೆ ಕಣ್ಣು ಕಣ್ಣು ಬಿಡುತ್ತಾರೆ. ಅವರಿಗೆ ಗೊತ್ತಿಲ್ಲದ ಪದ ಅದರಲ್ಲಿ ಒಂದೂ ಇಲ್ಲ. ಮೂರು ಪದ ಕರಗಿ ಒಂದೇ ಉಂಡೆಯಾಗಿರುವುದು ಮಾತ್ರ ಅವರಿಗೆ ಗೊತ್ತಿಲ್ಲ. "ವಾಟ್ ಡು ಯು ವಾಂಟ್ ಟು ಡೂ" ಎಂಬುದು "ವಾಡಯವಾನಡೂ" ಎಂದು ಬಂದು ಬಿದ್ದಾಗ ನಿಮ್ಮ ಸ್ಥಿತಿಯೂ ಅದೇ.

ಹೈಸ್ಕೂಲಿನಲ್ಲಿ ಲೋಪ, ಆಗಮ, ಆದೇಶ ಎಂದು ಬಾಯಿಪಾಠ ಮಾಡಿದ್ದು ನೆನಪಿದೆಯಲ್ಲ? ಪರೀಕ್ಷೆ ಮುಗಿದ ದಿನವೇ ಮರೆತ ಆ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಾಶ್ಚಾತ್ಯ ಭಾಷಾವಿಜ್ಞಾನಿಗಳೂ ಇದನ್ನು 'ಸಂಧಿ' ಎಂದೇ ಕರೆಯುತ್ತಾರೆ. ಆ ಪದವನ್ನು ಅವರು ನಮ್ಮ ಕಡೆಯಿಂದಲೇ ಎತ್ತಿಕೊಂಡದ್ದು.

ಲೋಪದಿಂದ ಶುರು ಮಾಡೋಣ. 'ಮಾತು ಇಲ್ಲ' ಎಂಬುದು 'ಮಾತಿಲ್ಲ' ಆಗುವಾಗ ಉಕಾರ ಹೋಯಿತು. ಇಂಗ್ಲಿಷಿನಲ್ಲಿ ಹೀಗೆ ಹೋಗುವುದು ಹೆಚ್ಚಾಗಿ ವ್ಯಂಜನ. 'ನೆಕ್ಸ್ಟ್ ಡೇ'ಯಲ್ಲಿ ಟಕಾರ ಬಿದ್ದು 'ನೆಕ್ಸ್‌ಡೇ'. 'ಟೆಲ್ ಹಿಮ್'ನಲ್ಲಿ ಹಕಾರ ಬಿದ್ದು 'ಟೆಲಿಮ್'. 'ಶುಡ್ ಹ್ಯಾವ್' ಮೊದಲು 'ಶುಡವ್' ಆಗಿ, ಅವಸರದಲ್ಲಿ 'ಶುಡ' ಎಂದಷ್ಟೇ ಉಳಿಯುತ್ತದೆ. ಆಗಮ ಅಂತೂ ನಮ್ಮದರ ತದ್ರೂಪು. 'ಮನೆ' 'ಅನ್ನು' ಸೇರಿ 'ಮನೆಯನ್ನು' ಆಗುವಂತೆ 'ಸೀ ಇಟ್' ಕೂಡಿ 'ಸೀಯಿಟ್'. 'ಗುರುವನ್ನು' ಎಂಬಲ್ಲಿ ವಕಾರ ಬಂದಂತೆ 'ಗೋ ಆನ್' ಹೋಗಿ 'ಗೋವಾನ್'. ಇಕಾರ, ಈಕಾರದ ಮುಂದೆ ಯ, ಉಕಾರ, ಓಕಾರದ ಮುಂದೆ ವ. ಇದನ್ನು ಹೊಸದಾಗಿ ಕಲಿಯಬೇಕಿಲ್ಲ, ನಿಮ್ಮ ನಾಲಿಗೆಗೆ ಹುಟ್ಟಿನಿಂದಲೇ ಗೊತ್ತು. ಇನ್ನು ಆದೇಶ. ಮಳೆಕಾಲ 'ಮಳೆಗಾಲ' ಆದಂತೆ 'ಡಿಡ್ ಯು' ಎಂಬುದು 'ಡಿಜು', 'ಹ್ಯಾಂಡ್‌ಬ್ಯಾಗ್' ಎಂಬುದು 'ಹ್ಯಾಂಬ್ಯಾಗ್'. ಈ ಕೊನೆಯದರಲ್ಲಿ ಡಕಾರ ಲೋಪವೂ ಹೌದು, ನಕಾರಕ್ಕೆ ಮಕಾರ ಆದೇಶವೂ ಹೌದು.

ಸಂಧಿಯ ಜತೆಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಮಾತ್ರೆ ಸಿಗುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಎರಡು ಮೂರು ಮುಖ್ಯ ಪದಗಳು ಮಾತ್ರ ಗುರು. 'ಟು', 'ಆಫ್', 'ಕ್ಯಾನ್', 'ಫಾರ್', 'ದೆಮ್' ಮುಂತಾದ ಚಿಲ್ಲರೆ ಪದಗಳೆಲ್ಲ ಲಘುವಿಗಿಂತ ಲಘುವಾಗಿ, ಅರ್ಧ ನುಂಗಿದ 'ಅ'ಕಾರವಾಗಿಬಿಡುತ್ತವೆ. ಭಾರತೀಯರು ಇಂಗ್ಲಿಷ್ ಮಾತಾಡುವಾಗ ಇಷ್ಟು ನುಂಗುವುದಿಲ್ಲ. ಐಐಟಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳನ್ನು ಆರಾಮವಾಗಿ ಕೇಳುವ ಎಂಜಿನಿಯರಿಂಗ್ ಹುಡುಗರು ಕ್ಲೈಂಟ್ ಕಾಲ್‌ನಲ್ಲಿ ಮುಗ್ಗರಿಸುವುದು ಬಹುಮಟ್ಟಿಗೆ ಇದಕ್ಕೇ. ಆ ಹುಡುಗರ ಇಂಗ್ಲಿಷ್ ಕೆಟ್ಟದ್ದೇನಲ್ಲ, ದಯವಿಟ್ಟು ಅವರಿಗೆ ಹಾಗೆ ಹೇಳಬೇಡಿ.

'ಕ್ಯಾನ್' ಮತ್ತು 'ಕ್ಯಾಂಟ್' ಒಂದನ್ನು ಹತ್ತಿರದಿಂದ ನೋಡೋಣ, ಕಾಲ್‌ಗಳಲ್ಲಿ ಕೆಲಸ ಕೆಡಿಸುವುದು ಹೆಚ್ಚಾಗಿ ಈ ಜೋಡಿ. ಶುಕ್ರವಾರ ಮಾಲು ಕಳಿಸುತ್ತೇವೆ ಅಂದರೋ, ಕಳಿಸಲಾಗದು ಅಂದರೋ? ನಮ್ಮವರು ಕೊನೆಯ ಟಕಾರಕ್ಕಾಗಿ ಕಿವಿ ನಿಮಿರಿಸಿ ಕಾಯುತ್ತಾರೆ. ಅಮೆರಿಕದವರು ಆ ಟಕಾರವನ್ನು ಗಂಟಲಲ್ಲೇ ತಡೆದುಬಿಡುತ್ತಾರೆ, ಅದು ಹೊರಗೆ ಬರುವುದೇ ಇಲ್ಲ. ವ್ಯತ್ಯಾಸ ಇರುವುದು ಸ್ವರದಲ್ಲಿ. 'ವಿ ಕನ್ ಶಿಪ್' ಎಂದು 'ಕನ್' ತೇಲಿಹೋಗಿ 'ಶಿಪ್' ಮೇಲೆ ಭಾರ ಬಿದ್ದರೆ ಆಗುತ್ತದೆ ಎಂದರ್ಥ. 'ವಿ ಕ್ಯಾನ್... ಶಿಪ್' ಎಂದು 'ಕ್ಯಾ' ಭಾರವಾಗಿ ನಿಂತರೆ ಸಾಮಾನ್ಯವಾಗಿ ಆಗುವುದಿಲ್ಲ ಎಂದರ್ಥ. ಸಾಮಾನ್ಯವಾಗಿ ಅಂದದ್ದು ಬೇಕೆಂದೇ. ಒತ್ತಿ ಹೇಳುವಾಗ 'ಕ್ಯಾನ್' ಕೂಡ ಭಾರವಾಗಬಹುದು. ಸಂಶಯವಿದ್ದರೆ "ಕ್ಯಾನ್ ಆರ್ ಕೆನಾಟ್?" ಎಂದು ಕೇಳಿಬಿಡಿ, ಅದರಲ್ಲಿ ಅವಮಾನವೇನಿಲ್ಲ.

ಈಗ ಅಭ್ಯಾಸಕ್ಕೆ ಬರೋಣ. ದಿನಕ್ಕೆ 25 ನಿಮಿಷ ಸಾಕು. ಒಂದು ನಿಮಿಷದೊಳಗಿನ, ಒಬ್ಬರೇ ಮಾತಾಡಿರುವ, ಮನುಷ್ಯರು ಟೈಪ್ ಮಾಡಿದ ಪಠ್ಯವಿರುವ ತುಣುಕು ಹುಡುಕಿ. ಯೂಟ್ಯೂಬ್ ತಾನೇ ಹಾಕುವ ಅಕ್ಷರಗಳನ್ನು ನಂಬಬೇಡಿ. ಅದೂ ನಿಮ್ಮ ಹಾಗೆಯೇ ಸಂಧಿಯಲ್ಲಿ ಎಡವುತ್ತದೆ. ಸುದ್ದಿ ಓದುವವರ ವೇಗ ನಿಮಿಷಕ್ಕೆ ಸುಮಾರು 150 ಪದ. ಹಾಗಾಗಿ ಒಂದು ನಿಮಿಷ ಎಂದರೆ ನೋಟ್‌ಬುಕ್ಕಿನ ಮುಕ್ಕಾಲು ಪುಟ. ಕಡಿಮೆಯಾಯಿತು ಅನ್ನಿಸಬಹುದು. ಬರೆಯಲು ಕೂತಾಗ ಅನ್ನಿಸುವುದಿಲ್ಲ.

ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ಕೇಳಿ. ಎರಡನೆಯ ಸಲ ಐದಾರು ಸೆಕೆಂಡಿಗೊಮ್ಮೆ ನಿಲ್ಲಿಸಿ ಬರೆಯಿರಿ. ಒಂದೊಂದು ತುಂಡಿಗೆ ಮೂರು ಸಲದ ಅವಕಾಶ, ನಾಲ್ಕನೆಯದಿಲ್ಲ. ಸಿಗದ ಕಡೆ ಖಾಲಿ ಬಿಡಬೇಡಿ. ಕಿವಿಗೆ ಏನು ಬಿತ್ತೋ ಅದನ್ನೇ ಕನ್ನಡ ಲಿಪಿಯಲ್ಲಿ ಇಳಿಸಿ. 'ಅಡಬೀನ್' ಎಂದು ಕೇಳಿಸಿತೇ? ಹಾಗೇ ಬರೆಯಿರಿ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಬರೆಯಹೊರಟರೆ ತಲೆ ಊಹೆ ಮಾಡತೊಡಗುತ್ತದೆ. ಕನ್ನಡ ಲಿಪಿ ಕಿವಿಯನ್ನು ಪ್ರಾಮಾಣಿಕವಾಗಿ ಇಡುತ್ತದೆ. 'ವಿ', 'ಡಬ್ಲ್ಯು' ಎಂಬ ಎರಡು ಬಗೆಯ ವಕಾರ, ನುಂಗಿದ ಅಕಾರ ನಮ್ಮ ಲಿಪಿಯಲ್ಲಿ ಸರಿಯಾಗಿ ಕೂರುವುದಿಲ್ಲ ನಿಜ. ಈ ಕೆಲಸಕ್ಕೆ ಅಷ್ಟು ಸೂಕ್ಷ್ಮ ಬೇಡ.

ಆಮೇಲೆ ಪಠ್ಯ ತೆರೆದು ಹೋಲಿಸಿ. 'ಅಡಬೀನ್' ಎಂದರೆ 'ಇಟ್ ಹ್ಯಾಡ್ ಬೀನ್' ಎಂದು ಗೊತ್ತಾಗುವ ಆ ಗಳಿಗೆಯೇ ಪಾಠ. ಪ್ರತಿ ತಪ್ಪಿನ ಪಕ್ಕದಲ್ಲೂ ಒಂದು ಗುರುತು ಹಾಕಿ: ಪದವೇ ಗೊತ್ತಿರಲಿಲ್ಲ ಎಂದರೆ 'ಹೊ', ಗೊತ್ತಿದ್ದ ಪದ ಸಂಧಿಯಲ್ಲಿ ಕರಗಿತ್ತು ಎಂದರೆ 'ಸಂ', ಪದದ ಉಚ್ಚಾರಣೆಯನ್ನೇ ತಪ್ಪಾಗಿ ತಿಳಿದಿದ್ದೆ ಎಂದರೆ 'ಉ'. ವಾರದ ಕೊನೆಗೆ ಎಣಿಸಿ. ವೊಕ್ಯಾಬುಲರಿ ವೀಕು ಎಂದವರ ಹಾಳೆಗಳಲ್ಲೂ 'ಹೊ'ಗಿಂತ 'ಸಂ' ಹೆಚ್ಚಿರುವುದೇ ಸಾಮಾನ್ಯ. ನಿಮ್ಮ ಹಾಳೆಯಲ್ಲಿ ನಿಜವಾಗಿಯೂ 'ಹೊ' ಹೆಚ್ಚಿದ್ದರೆ ತುಣುಕು ನಿಮಗೆ ಕಷ್ಟವಾಯಿತು, ಸುಲಭದ್ದನ್ನು ಆರಿಸಿ. 'ವಾಯ್ಸ್ ಆಫ್ ಅಮೆರಿಕ' 1959ರಲ್ಲಿ ಕಲಿಯುವವರಿಗೆಂದೇ ಶುರುಮಾಡಿದ ಸುದ್ದಿ ಕಾರ್ಯಕ್ರಮ ಸುಮಾರು 1500 ಪದಗಳಲ್ಲಿ, ಮಾಮೂಲಿಗಿಂತ ನಿಧಾನವಾಗಿ ಓದಿದ್ದು. ಆ ಬಗೆಯ ತುಣುಕುಗಳು ಮೊದಲ ತಿಂಗಳಿಗೆ ಚೆನ್ನ.

ಕೊನೆಯಲ್ಲಿ ಪಠ್ಯದ ಮೇಲೆ ಬೆರಳಿಟ್ಟು ಎರಡು ಸಲ ಕೇಳಿ. ನಂತರ ಅವರ ಜತೆಜತೆಗೇ, ಅವರ ಹಾಗೆಯೇ ನುಂಗುತ್ತ ಮೂರು ಸಲ ಗಟ್ಟಿಯಾಗಿ ಹೇಳಿ. ಕರಗಿಸಿ ಹೇಳಲು ಬಾಯಿ ಕಲಿತರೆ ಕರಗಿದ್ದನ್ನು ಹಿಡಿಯಲು ಕಿವಿಗೂ ಸಲೀಸು. ಮಾರನೆಯ ದಿನ ಹೊಸದಕ್ಕೆ ಹೋಗುವ ಮುಂಚೆ ಹಳೆಯದನ್ನು ಪಠ್ಯವಿಲ್ಲದೆ ಒಮ್ಮೆ ಕೇಳಿ.

"ವೇಗ 0.75ಕ್ಕೆ ಇಟ್ಕೊಂಡು ಕೇಳ್ಲಾ ಸರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. 'ಏನ್ಮಾಡ್ತಿದೀರಾ' ಎಂಬುದನ್ನು ರೆಕಾರ್ಡ್ ಮಾಡಿ ಎಷ್ಟೇ ನಿಧಾನಕ್ಕೆ ಓಡಿಸಿದರೂ ಅದು 'ಏನು ಮಾಡುತ್ತಾ ಇದ್ದೀರಿ' ಆಗುವುದಿಲ್ಲ, 'ಏಏನ್ಮಾಆಡ್ತಿದೀಈರಾ' ಆಗುತ್ತದೆ. ಬಿದ್ದುಹೋದ ಅಕ್ಷರ ಎಳೆದರೆ ಎದ್ದು ಬರುವುದಿಲ್ಲ. ನಿಧಾನವಾಗಿ ಓದಿದ್ದು ಬೇರೆ, ಓದಿದ್ದನ್ನು ನಿಧಾನ ಮಾಡಿದ್ದು ಬೇರೆ. ಸಿಕ್ಕಿಕೊಂಡ ಒಂದೇ ತುಂಡನ್ನು ಮೂರನೆಯ ಸಲ ಕೇಳುವಾಗ ನಿಧಾನ ಮಾಡಿಕೊಳ್ಳಿ, ಅಭ್ಯಂತರವಿಲ್ಲ.

ಬ್ಲೂಟೂತ್ ಇಯರ್‌ಫೋನ್ ಬಗ್ಗೆಯೂ ಒಂದು ಮಾತು. ಅದರ ಮೈಕ್ ಚಾಲೂ ಆದ ಕೂಡಲೇ ಬಹಳಷ್ಟು ಸೆಟ್‌ಗಳಲ್ಲಿ ಶಬ್ದದ ಗುಣಮಟ್ಟ ಕುಸಿಯುತ್ತದೆ. ಹಳೆಯ ಕಾಲದ ದೂರವಾಣಿ ಮಾರ್ಗವಂತೂ 300ರಿಂದ 3400 ಹರ್ಟ್ಸ್ ನಡುವಿನ ಶಬ್ದವನ್ನಷ್ಟೇ ದಾಟಿಸುತ್ತಿತ್ತು. ಸಕಾರದ ಸಿಳ್ಳಿನ ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ಫೋನಿನಲ್ಲಿ 'ಎಸ್' ಮತ್ತು 'ಎಫ್' ಅದಲುಬದಲಾಗುತ್ತವೆ. ಅಭ್ಯಾಸವನ್ನು ವೈರಿನ ಇಯರ್‌ಫೋನಿನಲ್ಲಿ ಮಾಡಿ. ಕನ್ನಡದಲ್ಲೂ ಎದುರಿನವರಿಗೆ "ಆಂ?" "ಆಂ?" ಎನ್ನುವ ಅಭ್ಯಾಸವಿದ್ದರೆ ಮೊದಲು ಕಿವಿಯ ವೈದ್ಯರನ್ನು ಕಾಣಿ. ಅದಕ್ಕೆ ನನ್ನ ಬಳಿ ಪಾಠವಿಲ್ಲ.

ಓದಿನ ವಿಚಾರದಲ್ಲಿ ಗೋಳು ಕಡಿಮೆ, ಆದರೆ ಒಂದಿದೆ. ದಿನಪತ್ರಿಕೆಯ ಸಂಪಾದಕೀಯ ಹಿಡಿದು, ಪ್ರತಿ ಪದದ ತಲೆಯ ಮೇಲೂ ಕನ್ನಡ ಅರ್ಥ ಬರೆದು, ಒಂದು ಪ್ಯಾರಾಕ್ಕೆ ಮುಕ್ಕಾಲು ಗಂಟೆ ಕಳೆಯುವುದು. ಅದು ಓದಲ್ಲ, ಗುಮಾಸ್ತಿಕೆ. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು 100ಕ್ಕೆ ಸುಮಾರು 98 ಪದ ಗೊತ್ತಿರಬೇಕೆಂದು 2000ನೇ ಇಸವಿಯಲ್ಲಿ ಹೂ ಮತ್ತು ನೇಷನ್ ಎಂಬ ಸಂಶೋಧಕರು ತೋರಿಸಿದರು. ಅಂದರೆ 250 ಪದಗಳ ಪುಟದಲ್ಲಿ ಗೊತ್ತಿಲ್ಲದ ಪದ ಐದು ಇರಬಹುದು. ಪುಸ್ತಕ ಕೊಳ್ಳುವ ಮುಂಚೆ ನಡುವಿನ ಒಂದು ಪುಟ ತೆರೆದು ಬೆರಳು ಮಡಚುತ್ತ ಓದಿ. ಪುಟ ಮುಗಿಯುವ ಮುಂಚೆಯೇ ಒಂದು ಕೈ ಮುಗಿದುಹೋದರೆ ಆ ಪುಸ್ತಕವನ್ನು ಅಲ್ಲೇ ಇಡಿ. ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ನಿಂತು ಓದಿದರೆ ಯಾರೂ ಗದರುವುದಿಲ್ಲ. ಹಂತ ಹಂತವಾಗಿ ಪದಮಿತಿ ಹಾಕಿ ಬರೆದ ಗ್ರೇಡೆಡ್ ರೀಡರ್‌ಗಳಿವೆ, ಕೆಳಗಿನ ಹಂತ ಕೆಲವು ನೂರು ಪದಗಳದ್ದು. "ಇದು ಮಕ್ಕಳದ್ದಲ್ವಾ ಸರ್" ಎಂದು ಮೂಗು ಮುರಿಯುವವರು ಒಂದನ್ನು ಒಂದೇ ಕೂರಿಕೆಯಲ್ಲಿ ಮುಗಿಸಿ ಆಮೇಲೆ ಮಾತಾಡಲಿ.

ಓದುವವರಿಗೆ ಕಿವಿಯ ಕಡೆಯಿಂದ ಒಂದು ಎಚ್ಚರಿಕೆ. ಕನ್ನಡ ಬರೆದಂತೆ ಓದುವ ಭಾಷೆಯಾದ್ದರಿಂದ ನಾವು ಅಕ್ಷರವನ್ನು ಅತಿಯಾಗಿ ನಂಬುತ್ತೇವೆ. 'ರಿಸೀಪ್ಟ್', 'ಡೆಬ್ಟ್', 'ಡಿಟರ್‌ಮೈನ್' ಎಂದು ಮನಸ್ಸಿನಲ್ಲಿ ಕೂತ ಪದಗಳು 'ರಿಸೀಟ್', 'ಡೆಟ್', 'ಡಿಟರ್ಮಿನ್' ಎಂದು ಬಂದಾಗ ಬೇರೆ ಯಾವುದೋ ಪದ ಎನಿಸುತ್ತವೆ. 'ಕಂಫರ್ಟೇಬಲ್' ಎಂದು ಕಾಯುವವರಿಗೆ 'ಕಂಫ್ಟಬಲ್' ಸಿಗುವುದಿಲ್ಲ. ನೋಟ್‌ಬುಕ್ಕಿನಲ್ಲಿ 'ಉ' ಗುರುತು ಬಿದ್ದ ಪದಗಳೆಲ್ಲ ಇಂಥವೇ. ಹೊಸ ಪದ ಓದಿದ ದಿನವೇ ನಿಘಂಟಿನ ಆ್ಯಪ್‌ನಲ್ಲಿ ಸ್ಪೀಕರ್ ಗುಂಡಿ ಒತ್ತಿ ಎರಡು ಸಲ ಕೇಳಿಬಿಡಿ.

ವಿದೇಶಕ್ಕೆ ಹೋಗಲೆಂದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಇಷ್ಟು ಸೇರಿಸಬೇಕು. ಅಲ್ಲಿ 40 ಪ್ರಶ್ನೆಗಳ ಆಡಿಯೊ ಸುಮಾರು 30 ನಿಮಿಷ ಓಡುತ್ತದೆ, ಒಂದೇ ಸಲ. ನಿಲ್ಲಿಸಿ ನಿಲ್ಲಿಸಿ ಕೇಳುವ ಅಭ್ಯಾಸವೊಂದನ್ನೇ ಮಾಡಿಕೊಂಡವರು, ಒಂದು ಉತ್ತರ ತಪ್ಪಿದರೆ ಅದನ್ನೇ ನೆನೆಯುತ್ತ ಮುಂದಿನ ಮೂರನ್ನು ಕಳೆದುಕೊಳ್ಳುತ್ತಾರೆ. ಪರೀಕ್ಷೆಗೆ ಆರು ವಾರವಿರುವಾಗಿನಿಂದ ವಾರದಲ್ಲಿ ಎರಡು ದಿನ ಪೂರ್ತಿ ಪತ್ರಿಕೆಯನ್ನು ನಿಲ್ಲಿಸದೆ ಕೇಳಿ. ತಪ್ಪಿದ್ದಕ್ಕೆ ಅಡ್ಡಗೆರೆ ಎಳೆದು ಮುಂದೆ ಹೋಗುವುದನ್ನೂ ರೂಢಿಸಿಕೊಳ್ಳಿ. ಮಾರನೆಯ ದಿನ ಆ ಅಡ್ಡಗೆರೆ ಬಿದ್ದ ಜಾಗಗಳನ್ನಷ್ಟೇ ಬಿಚ್ಚಿ, ಕನ್ನಡ ಲಿಪಿಯಲ್ಲಿ ಬರೆದು, ಲೋಪವೋ ಆದೇಶವೋ ಎಂದು ನೋಡಿ.

ಸಬ್‌ಟೈಟಲ್ ಬಿಡಲೇಬೇಕೇ ಎಂದರೆ, ಬೇಡ. ಹೊತ್ತು ಕಳೆಯಲು ನೋಡುವಾಗ ಹಾಕಿಕೊಳ್ಳಿ, ಅದು ಮನರಂಜನೆ. ಅಭ್ಯಾಸದ 25 ನಿಮಿಷದಲ್ಲಿ ಮಾತ್ರ, ಎರಡನೆಯ ಸಲ ಬರೆದು ಮುಗಿಯುವವರೆಗೆ ಫೋನಿನ ಪರದೆಯನ್ನು ಮೇಜಿನ ಮೇಲೆ ಮಗುಚಿಡಿ.