ತಳ್ಳಿದ ಕೈಗೆ ತಿಳಿಯದ ಬಲ

ಅಂಗಿಯ ಗುಂಡಿ ಕಿತ್ತು ಸಾಂಬಾರಿನ ಬಟ್ಟಲಿಗೆ ಬಿದ್ದಾಗ ಇಬ್ಬರೂ ಹೇಳಿದ್ದು ಒಂದೇ ಮಾತು: "ಜೋರಾಗಿ ಎಳೆದವನು ಅವನು, ನಾನಲ್ಲ."

2023ರ ನವೆಂಬರ್ 15, ದೀಪಾವಳಿ ಮುಗಿದ ಮರು ಬೆಳಿಗ್ಗೆ. ಹಾಸನದ ಸಾಲಗಾಮೆ ರಸ್ತೆಯ ಹೋಟೆಲೊಂದರಲ್ಲಿ ನನ್ನ ತಂಗಿಯ ಮಗ ಮತ್ತು ಅವನ ಗೆಳೆಯ ನೀರಿನ ಲೋಟಕ್ಕೆ ಮೊಬೈಲ್ ಒರಗಿಸಿಕೊಂಡು ಕುಳಿತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಗಿನ್ನೂ ಹಿಂದಿನ ರಾತ್ರಿ. ವಾರಿಯರ್ಸ್ ಮತ್ತು ಟಿಂಬರ್‌ವುಲ್ವ್ಸ್ ತಂಡಗಳ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪಂದ್ಯ ಶುರುವಾಗಿ ಎರಡು ನಿಮಿಷವೂ ಕಳೆದಿರಲಿಲ್ಲ, ಅಂಕ 0–0. ಅಷ್ಟರಲ್ಲೇ ವಾರಿಯರ್ಸ್‌ನ ಕ್ಲೇ ಥಾಂಪ್ಸನ್, ಟಿಂಬರ್‌ವುಲ್ವ್ಸ್‌ನ ಜೇಡನ್ ಮೆಕ್‌ಡೇನಿಯಲ್ಸ್ ಒಬ್ಬರ ಜೆರ್ಸಿ ಒಬ್ಬರು ಹಿಡಿದು ಎಳೆದಾಡಿದರು. ಟಿಂಬರ್‌ವುಲ್ವ್ಸ್‌ನ ರೂಡಿ ಗೋಬೆರ್ ನಡುವೆ ಬಂದ. ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಹಿಂದಿನಿಂದ ಗೋಬೆರ್‌ನ ಕೊರಳಿಗೆ ತೋಳು ಬಿಗಿದು ಎಳೆದೊಯ್ದ. ಗೋಬೆರ್ ಒಬ್ಬನನ್ನು ಬಿಟ್ಟು ಉಳಿದ ಮೂವರನ್ನೂ ರೆಫರಿಗಳು ಹೊರಗೆ ಕಳಿಸಿದರು. ಗ್ರೀನ್‌ಗೆ ಆಮೇಲೆ ಐದು ಪಂದ್ಯಗಳ ನಿಷೇಧವೂ ಬಿತ್ತು.

ಸೋದರಳಿಯ ವಾರಿಯರ್ಸ್ ಭಕ್ತ. ಗೋಬೆರ್‌ನೇ ಮೊದಲು ಕ್ಲೇಯ ಕುತ್ತಿಗೆಗೆ ಕೈ ಹಾಕಿದ ಎಂಬುದು ಅವನ ವಾದ. ಆ ತಂಡದ ಕೋಚ್ ಸ್ಟೀವ್ ಕೆರ್ ಕೂಡ ಅದನ್ನೇ ಹೇಳಿದರು. ಬಿಡಿಸಲು ಬಂದವನನ್ನು ಹಿಡಿದರು ಎಂಬುದು ಗೆಳೆಯನ ವಾದ. ರೆಫರಿಗಳು ಕಂಡದ್ದೂ ಹಾಗೆಯೇ. "ಹಿಡಿದದ್ದು ಹೀಗೆ" ಎಂದು ಒಬ್ಬ ಕಾಲರಿಗೆ ಕೈ ಹಾಕಿದ, "ಅಲ್ಲ, ಹೀಗೆ" ಎಂದು ಇನ್ನೊಬ್ಬ. ನಾಲ್ಕನೆಯ "ಹೀಗೆ"ಗೆ ಗುಂಡಿ ಹೋಯಿತು.

ಇಂಥಲ್ಲಿ ನಮ್ಮ ಜನ ಕೊಡುವ ತೀರ್ಪು ಎರಡೇ. ಒಂದೋ ಇಬ್ಬರಲ್ಲಿ ಒಬ್ಬ ಸುಳ್ಳ, ಇಲ್ಲವೇ ಅದು ಅವನ ಹುಟ್ಟುಗುಣ. ಎರಡನ್ನೂ ಕೇಳಿ ಕೇಳಿ ನನಗೆ ರೋಸಿಹೋಗಿದೆ. ಹುಡುಗರು ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು, ತಮ್ಮ ತಮ್ಮ ಬೆರಳಿಗೆ ತಿಳಿದಷ್ಟು ಸತ್ಯವನ್ನು.

ಲಂಡನ್ನಿನಲ್ಲಿ ಸುಖವಿಂದರ್ ಶೆರ್ಗಿಲ್, ಡೇನಿಯಲ್ ವೋಲ್ಪರ್ಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳೆದು ತೋರಿಸಿತು. ಎದುರುಬದುರು ಕುಳಿತ ಇಬ್ಬರು ಸರದಿಯ ಮೇಲೆ ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಬೇಕು. ನಿನಗೆ ಎಷ್ಟು ಬಲ ಬಿತ್ತೋ ಅಷ್ಟನ್ನೇ ಮರಳಿಸು ಎಂದು ಇಬ್ಬರಿಗೂ ಹೇಳಲಾಗಿತ್ತು, ಎದುರಿನವನಿಗೆ ಏನು ಹೇಳಿದ್ದಾರೆಂಬುದು ಮಾತ್ರ ಗೊತ್ತಿರಲಿಲ್ಲ. ಅಲ್ಲಿ ಕೋಪವಿಲ್ಲ, ಸೋಲುಗೆಲುವಿಲ್ಲ. ಆದರೂ ಪ್ರತಿ ಸರದಿಗೂ ಬಲ ಸರಾಸರಿ 38% ಏರಿತು. 100 ಗ್ರಾಂ ತೂಕದಷ್ಟು ಒತ್ತು ಇದೇ ವೇಗದಲ್ಲಿ ಎಂಟು ಸಲ ಏರಿದರೆ 1,300 ಗ್ರಾಂ ದಾಟುತ್ತದೆ. ಲೆಕ್ಕ ಹಾಕಿ ನೋಡಿ, ಮೈ ಜುಮ್ಮೆನ್ನುತ್ತದೆ.

ಕಾರಣ ಕೆಟ್ಟತನದ್ದಲ್ಲ, ಕಳೆಯುವ ಲೆಕ್ಕದ್ದು. ಕಿರಾಣಿ ಅಂಗಡಿಯವರು ಎಣ್ಣೆ ತೂಗುವ ಮುನ್ನ ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತರುತ್ತಾರಲ್ಲ, ಮಿದುಳು ಮಾಡುವುದೂ ಅದನ್ನೇ. ಕೈಗೆ "ಒತ್ತು" ಎಂದು ಆಜ್ಞೆ ಹೋಗುವಾಗ ಅದರ ಒಂದು ನಕಲು ಮಿದುಳಿನಲ್ಲೇ ಉಳಿಯುತ್ತದೆ. ಅದನ್ನು ನೋಡಿ ಬೆರಳ ತುದಿಯಲ್ಲಿ ಏನು ಅನುಭವವಾಗಬೇಕೆಂದು ಮಿದುಳು ಮೊದಲೇ ಊಹಿಸಿ, ಬಂದ ಅನುಭವದಿಂದ ಅಷ್ಟನ್ನು ಕಳೆದುಬಿಡುತ್ತದೆ. ತೋಟದ ಕಾವಲು ನಾಯಿ ಯಜಮಾನನ ಹೆಜ್ಜೆಗೆ ಬೊಗಳುವುದಿಲ್ಲ. ಅದರ ಕಿವಿಯೆಲ್ಲ ಇರುವುದು ಪರಕೀಯರ ಹೆಜ್ಜೆಯ ಮೇಲೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಪ್ರಯಾಣಿಕರಿಗೆ ಹೊಟ್ಟೆ ತೊಳಸುತ್ತದೆ, ಚಾಲಕ ಹಾಯಾಗಿರುತ್ತಾನೆ, ಏಕೆಂದರೆ ತಿರುವು ಅವನ ಕೈಯಿಂದಲೇ ಹೊರಟದ್ದು. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದಿರುವುದಕ್ಕೂ ಇದೇ ಕಾರಣ. ಆ ಕಳೆಯುವ ಕೆಲಸದಲ್ಲಿ ಕಿರುಮಿದುಳಿನ ಪಾತ್ರವಿದೆ ಎಂದು 1998ರ ಸಂಶೋಧನೆ ತೋರಿಸಿತು. ಹೀಗೆ, ನಾನು ತಳ್ಳಿದ್ದು ಡಬ್ಬಿಯ ತೂಕ ಕಳೆದು ನನಗೆ ತಲುಪುತ್ತದೆ. ನೀವು ತಳ್ಳಿದ್ದು ಡಬ್ಬಿಯ ಸಮೇತ.

ಈ ಕಳೆಯುವ ಲೆಕ್ಕ ತಿರುವುಮುರುವಾದರೆ ಏನಾಗುತ್ತದೆಂದು 1950ರಲ್ಲಿ ಜರ್ಮನಿಯ ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹಾರ್ಸ್ಟ್ ಮಿಟೆಲ್‌ಸ್ಟೆಟ್ ಬರೆದರು. ಜೇನ್ನೊಣದಂತೆ ಕಾಣುವ ಒಂದು ನೊಣದ ತಲೆಯನ್ನು 180 ಡಿಗ್ರಿ ತಿರುಗಿಸಿ ಅಂಟಿಸಿದರು. ನೊಣ ಬಲಕ್ಕೆ ಹೊರಳಿದಾಗ ಸುತ್ತಲ ನೋಟ ಎಡಕ್ಕೆ ಜಾರಬೇಕು. ಈಗ ಬಲಕ್ಕೇ ಜಾರಿತು. ಕಳೆಯಬೇಕಾದದ್ದು ಕೂಡಿಕೊಂಡಿತು. ಪಾಪ, ಆ ನೊಣ ಸುತ್ತಿದ್ದೇ ಸುತ್ತಿದ್ದು. ಕತ್ತಲಲ್ಲಿ ಬಿಟ್ಟರೆ ಮಾಮೂಲಿನಂತೆ ನಡೆಯುತ್ತಿತ್ತು! ಇಷ್ಟು ಸರಳ, ಇಷ್ಟು ಸುಂದರ ಪ್ರಯೋಗ ಜೀವಶಾಸ್ತ್ರದಲ್ಲಿ ಅಪರೂಪ.

ಅಂಗಳದಲ್ಲಿ ಎಳೆದಾಡಿದವರ ಬೆರಳಿಗಾಯಿತು ಈ ವಿವರಣೆ. ದೂರ ಕುಳಿತು ನೋಡಿದವರ ಕಣ್ಣಿಗೆ? ಅಲ್ಲಿ ನಡೆಯುವುದು ಬೇರೆ ಬಗೆಯ ಲೆಕ್ಕ. 1951ರ ನವೆಂಬರಿನಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒರಟಾದ ಫುಟ್‌ಬಾಲ್ ಪಂದ್ಯ ನಡೆಯಿತು. ಮೂಗು ಮುರಿಯಿತು, ಕಾಲು ಮುರಿಯಿತು. ಮನೋವಿಜ್ಞಾನಿಗಳಾದ ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಚಿತ್ರೀಕರಣ ತೋರಿಸಿ ತಪ್ಪುಗಳನ್ನು ಗುರುತಿಸಲು ಹೇಳಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಆ ಕಾಲೇಜಿನವರಿಗೆ ಸರಾಸರಿ 4.3 ಕಂಡವು, ಪ್ರಿನ್ಸ್‌ಟನ್‌ನವರಿಗೆ 9.8. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದ ನಮ್ಮ ಹಿರಿಯರಿಗೆ ಇದು ಹೊಸದಾಗಿ ಕಾಣುತ್ತಿರಲಿಲ್ಲ.

ಆ ವಾರ ಹಾಸನಾಂಬೆಯ ದರ್ಶನದ ಸರದಿಯಲ್ಲಿ ನಾನೂ ನಿಂತಿದ್ದೆ. ಮುಂದಿದ್ದ ಹಿರಿಯರು ತಿರುಗಿ "ಸ್ವಲ್ಪ ತಳ್ಳದೆ ನಿಲ್ಲಿ ಸ್ವಾಮಿ" ಎಂದರು. ನನ್ನ ಬೆನ್ನಿಗೆ ಬಿದ್ದ ನೂಕು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಮುಂದಕ್ಕೆ ದಾಟಿಸಿದ್ದು ಗೊತ್ತೇ ಆಗಿರಲಿಲ್ಲ.

ಲಂಡನ್ ಪ್ರಯೋಗದಲ್ಲಿ ಇನ್ನೊಂದು ಭಾಗವಿದೆ, ನನಗೆ ಅದೇ ಹೆಚ್ಚು ಪ್ರಿಯ. ಬೆರಳಿನಿಂದ ನೇರವಾಗಿ ಒತ್ತುವ ಬದಲು ಯಂತ್ರದ ಸನ್ನೆಯೊಂದನ್ನು ಸರಿಸಿ ಬಲ ಮರಳಿಸಲು ಹೇಳಿದಾಗ ಜನ ಬಹುತೇಕ ಸರಿಯಾಗಿಯೇ ಮರಳಿಸಿದರು. ಸನ್ನೆಯ ಚಲನೆಗೆ ಮಿದುಳಿನಲ್ಲಿ ರೂಢಿಯ ಊಹೆ ಇಲ್ಲ, ಹಾಗಾಗಿ ಕಳೆಯುವ ಲೆಕ್ಕವೂ ಇಲ್ಲ.

ಸಂಜೆ ಮನೆಯಲ್ಲಿ ಹುಡುಗರಿಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ತಂದಿಟ್ಟೆ. ಒಬ್ಬನ ಬೆರಳು ತಕ್ಕಡಿಯ ಮೇಲೆ, ಅದರ ಮೇಲೆ ಇನ್ನೊಬ್ಬನ ಬೆರಳು, ಆಮೇಲೆ ಅದಲು ಬದಲು. ಅಂಕಿ ಮೂರಂಕಿಯಿಂದ ನಾಲ್ಕಂಕಿಗೆ ದಾಟಿದಾಗ ಬಟ್ಟೆ ಬಿಚ್ಚಿ ತೋರಿಸಿದೆ. "ಮಾವ, ಈ ತಕ್ಕಡಿ ಸರಿ ಇದೆಯೇ?" ಎಂದ ಸೋದರಳಿಯ ಒಂದು ಕಿಲೋ ಸಕ್ಕರೆಯ ಪೊಟ್ಟಣ ತಂದು ಅದರ ಮೇಲಿಟ್ಟ. ಕವರಿನ ತೂಕವೂ ಸೇರಿ 1,004 ಗ್ರಾಂ.