ಅಧ್ಯಯನ ಟಿಪ್ಪಣಿ: ತಕ್ಕಡಿಯಲ್ಲಿ ಕಾಣುವ ನಂಬಿಕೆ

ಗದಗ-ಬೆಟಗೇರಿಯಲ್ಲಿ ನಾವು ಕೆಲವರು ಸೇರಿ ವೇದಪಾಠ, ಅಂದರೆ ಬೈಬಲ್ ಅಧ್ಯಯನ, ಮಾಡುತ್ತೇವೆ. ಈ ಟಿಪ್ಪಣಿ ಅದಕ್ಕಾಗಿ ಬರೆದದ್ದು. ಹುಬ್ಬಳ್ಳಿ, ಧಾರವಾಡ, ಹಾವೇರಿ ಕಡೆಯ ಗೆಳೆಯರಿಗೂ ಉಪಯೋಗವಾಗಲಿ. ಈ ಸಲದ ಪ್ರಶ್ನೆ: ಕ್ರಿಸ್ತನನ್ನು ನಂಬಿದವರ ಬದುಕನ್ನು ಯಾವುದರಿಂದ ಗುರುತಿಸಬೇಕು?

ಮೊದಲು ಮತ್ತಾಯ 7:21-23 ಓದಿ. "ಕರ್ತನೇ, ಕರ್ತನೇ" ಅನ್ನುವವರೆಲ್ಲ ಪರಲೋಕರಾಜ್ಯ ಸೇರುವುದಿಲ್ಲ ಅಂತ ಯೇಸುಸ್ವಾಮಿ ಹೇಳುತ್ತಾರೆ. ನಿನ್ನ ಹೆಸರಲ್ಲಿ ಪ್ರವಾದನೆ ಹೇಳಿದೆವು, ದೆವ್ವ ಬಿಡಿಸಿದೆವು, ಅದ್ಭುತ ಮಾಡಿದೆವು ಅಂದವರಿಗೂ "ನಿಮ್ಮ ಗುರುತೇ ಇಲ್ಲ" ಅನ್ನುವ ಉತ್ತರ ಸಿಗುತ್ತದೆ. ಅಂದರೆ ಜೋರಾದ ಪ್ರಾರ್ಥನೆ, ತುಂಬಿದ ಕೂಟ, ವಾಸಿಯಾದ ಕಾಯಿಲೆ, ಇವು ಯಾವುವೂ ಅಳತೆಗೋಲಲ್ಲ. ಇವು ಬೇಡ ಅಂತಲ್ಲ. ಇವನ್ನು ನೋಡಿ ಒಬ್ಬರ ನಂಬಿಕೆಯನ್ನು ಅಳೆಯಲು ಆಗುವುದಿಲ್ಲ, ಅಷ್ಟೇ.

ಹಾಗಾದರೆ ಅಳೆಯುವುದು ಎಲ್ಲಿ? ನನ್ನ ಮಟ್ಟಿಗೆ ಮೊದಲ ಉತ್ತರ: ದುಡ್ಡು ಕೈ ಬದಲಾಗುವ ಜಾಗದಲ್ಲಿ. ಆಮೋಸ 8:4-6 ನೋಡಿ. ಅಲ್ಲಿಯ ವ್ಯಾಪಾರಿಗಳು ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಮುರಿದವರಲ್ಲ. ಆ ದಿನ ಅಂಗಡಿ ಮುಚ್ಚಿಯೇ ಇತ್ತು. ಆದರೆ ಸಬ್ಬತ್ ಯಾವಾಗ ಮುಗಿಯುತ್ತೋ, ಅಳತೆ ಕಿರಿದು ಮಾಡಿ, ಕಳ್ಳ ತಕ್ಕಡಿ ಹಿಡಿದು, ಗೋಧಿಯ ಉದುರು ಕಸವನ್ನೂ ಮಾರುವುದು ಯಾವಾಗ ಅಂತ ಕಾಯುತ್ತಿದ್ದರು. ಆರಾಧನೆಯ ವೇಳೆ ಸರಿಯಾಗಿತ್ತು, ತೂಕ ಸರಿ ಇರಲಿಲ್ಲ. ದೇವರು ಆಣೆಯಿಟ್ಟು, ಈ ಕೆಲಸಗಳನ್ನು ಎಂದಿಗೂ ಮರೆಯುವುದಿಲ್ಲ ಅನ್ನುವುದು ಇದೇ ಮಾತಿನ ಬೆನ್ನಿಗೆ, 7ನೇ ವಚನದಲ್ಲಿ.

ಈ ಭಾಗ ನಮ್ಮ ಸೀಮೆಗೆ ತೀರಾ ಹತ್ತಿರದ್ದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರ ಬಲ್ಲವರಿಗೆ ಗೊತ್ತು, ಒಣಗಿದ ಕಾಯಿಗೆ ನೀರು ಚಿಮುಕಿಸಿದರೆ ತೂಕ ಬರುತ್ತದೆ. ಹಾಗೆ ಮಾಡಿದವನು ಭಾನುವಾರ ಕೈ ಎತ್ತಿ ಹಾಡಿದರೆ ಅವನ ಹಾಡಿಗೆ ಏನು ಬೆಲೆ? ಧರ್ಮೋಪದೇಶಕಾಂಡ 25:13-15 ಚೀಲದಲ್ಲಿ ಎರಡು ಥರದ ತೂಕದ ಕಲ್ಲು ಇಟ್ಟುಕೊಳ್ಳಬೇಡ ಅನ್ನುತ್ತದೆ. ಕೊಳ್ಳಲು ಒಂದು, ಮಾರಲು ಒಂದು. ಇದು ವ್ಯಾಪಾರಿಗಳಿಗೆ ಮಾತ್ರ ಹೇಳಿದ್ದು ಅಂದುಕೊಳ್ಳಬೇಡಿ. ಆಫೀಸಿನ ಸುಳ್ಳು ಬಿಲ್ಲು, ಸಭೆಯ ಕಾಣಿಕೆಯ ಲೆಕ್ಕ, ಲಾವಣಿ ಹೊಲದ ಪಾಲು, ಎಲ್ಲದಕ್ಕೂ ಇದೇ ಮಾತು.

ಕೂಲಿಯ ವಿಷಯವೂ ಇಲ್ಲೇ ಬರುತ್ತದೆ. ಯಾಜಕಕಾಂಡ 19:13 ಕೂಲಿಯವನ ಹಣ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅನ್ನುತ್ತದೆ. ಧರ್ಮೋಪದೇಶಕಾಂಡ 24:15 ಇನ್ನೂ ಬಿಗಿ: ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಯಾಕೋಬ 5:4ರಲ್ಲಿ ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ. ಕಳೆ ತೆಗೆಯುವ ಹೆಣ್ಣಾಳುಗಳಿಗೆ, ಗೌಂಡಿ ಕೆಲಸದವರಿಗೆ, ಮನೆಗೆಲಸದ ಅಕ್ಕನಿಗೆ "ನಾಳೆ ಬಾ" ಅನ್ನುವುದು ನಮಗೆ ಸಣ್ಣ ಮಾತು. ಸಂತೆಯ ದಿನ ದಾಟಿ ಕೂಲಿ ಕೊಟ್ಟರೆ ಅವರ ಮನೆಗೆ ಆ ವಾರದ ಕಾಳು-ಕಾಯಿಪಲ್ಲೆ ಬರುವುದಿಲ್ಲ. ಬಾಕಿ ಇಟ್ಟುಕೊಂಡವರು ದೇವರಿಗೆ ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಟ್ಟರೂ ಅದು ಇನ್ನೊಬ್ಬರ ದುಡ್ಡು ಅಲ್ವಾ?

ಈಗ ಜಕ್ಕಾಯ, ಲೂಕ 19:1-10. ಯೆರಿಕೋದ ಸುಂಕದವರ ಮುಖ್ಯಸ್ಥ. ಸಂಡೇ ಸ್ಕೂಲಿನಲ್ಲಿ ನಾವು ಅವನು ಗಿಡ್ಡ, ಮರ ಹತ್ತಿದ ಅನ್ನುವಷ್ಟಕ್ಕೇ ನಿಲ್ಲುತ್ತೇವೆ. 8ನೇ ವಚನದಲ್ಲಿ ನಿಧಾನಿಸಿ. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ತಾನಾಗಿ ತಪ್ಪು ಒಪ್ಪಿಕೊಂಡವನು ತೆಗೆದುಕೊಂಡದ್ದರ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕು ಅಂತ ಅರಣ್ಯಕಾಂಡ 5:7 ಹೇಳುತ್ತದೆ. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ಇದ್ದ ದಂಡ, ವಿಮೋಚನಕಾಂಡ 22:1. ಅಂದರೆ ಜಕ್ಕಾಯ ಕಡಿಮೆ ದಂಡದ ದಾರಿ ಹುಡುಕಲಿಲ್ಲ. ಕಳ್ಳನ ದಂಡವನ್ನೇ ತನಗೆ ಹಾಕಿಕೊಂಡ. ಇನ್ನೊಂದು ಗಮನಿಸಿ: ಯೇಸು ಮೊದಲು ಅವನನ್ನು ಹೆಸರು ಹಿಡಿದು ಕರೆದು, ನಿನ್ನ ಮನೆಗೆ ಬರುತ್ತೇನೆ ಅಂದರು. ಹಣ ವಾಪಸಾಗಿದ್ದು ಆಮೇಲೆ. ಕೃಪೆ ಮೊದಲು, ಲೆಕ್ಕ ಚುಕ್ತಾ ಆಮೇಲೆ. ಈ ಕ್ರಮ ತಿರುಗಿಸಿದರೆ ಸುವಾರ್ತೆಯೇ ಉಳಿಯುವುದಿಲ್ಲ.

ಇಲ್ಲಿ ಗುಂಪಿನಲ್ಲಿ ಯಾವಾಗಲೂ ಏಳುವ ಪ್ರಶ್ನೆ: ನಂಬಿಕೆಯಿಂದಲೇ ನೀತಿವಂತರಾಗುತ್ತೇವೆ ಅಂತ ಪೌಲನು, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬನು ತಮ್ಮ ಪತ್ರಗಳಲ್ಲಿ ಬರೆಯುತ್ತಾರೆ, ಯಾರು ಸರಿ? ಇಬ್ಬರೂ ಅಬ್ರಹಾಮನನ್ನೇ ತೋರಿಸುತ್ತಾರೆ. ರೋಮಾಪುರ 4ರಲ್ಲಿ ಪೌಲನು ಹಿಡಿಯುವುದು ಆದಿಕಾಂಡ 15ನ್ನು: ಅಬ್ರಹಾಮನಿಗೆ ಇನ್ನೂ ಸುನ್ನತಿಯೂ ಆಗಿರಲಿಲ್ಲ, ದೇವರ ಮಾತು ನಂಬಿದ. ಯಾಕೋಬನು ಆ ವಚನವನ್ನೂ ಹೇಳಿ, ಅದು ನಿಜವಾದದ್ದು ಆದಿಕಾಂಡ 22ರಲ್ಲಿ, ಮಗ ಇಸಾಕನನ್ನು ಅರ್ಪಿಸಲು ಹೊರಟಾಗ ಅನ್ನುತ್ತಾನೆ. ಎರಡಕ್ಕೂ ಮಧ್ಯೆ ಎಷ್ಟೋ ವರ್ಷಗಳ ಅಂತರ. ಒಬ್ಬನು ಬದುಕಿನ ಆರಂಭ ಹೇಳುತ್ತಿದ್ದಾನೆ, ಇನ್ನೊಬ್ಬನು ಅದು ಬೆಳೆದದ್ದನ್ನು. ಎಫೆಸ 2:8-9 ಬಾಯಿಪಾಠ ಮಾಡುವವರು 10ನ್ನೂ ಸೇರಿಸಿಕೊಳ್ಳಿ. ಪೌಲನೇ ಅಲ್ಲಿ ಸತ್ಕ್ರಿಯೆಗಳ ಮಾತು ಎತ್ತುತ್ತಾನೆ.

ಗಲಾತ್ಯ 5ರ ಆತ್ಮದ ಫಲಗಳು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಇರುವ ಶರೀರದ ಕರ್ಮಗಳ ಪಟ್ಟಿ ಓದಿ. ಕುಡಿತ, ವ್ಯಭಿಚಾರದ ಹೆಸರು ಬಂದಾಗ ತಲೆ ಆಡಿಸುತ್ತೇವೆ. ಆದರೆ ಪಟ್ಟಿಯ ಅರ್ಧದಷ್ಟು ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಗುಂಪುಗಾರಿಕೆ. ಸಭಾ ಕಮಿಟಿಯ ಚುನಾವಣೆ ಹತ್ತಿರ ಬಂದಾಗ ಈ ಅರ್ಧವನ್ನು ಗಟ್ಟಿಯಾಗಿ ಓದಬೇಕು ಅಂತ ನನಗೆ ಅನ್ನಿಸುತ್ತದೆ.

ಆತ್ಮದ ಫಲಗಳಲ್ಲಿ ಒಂದಾದ ದೀರ್ಘಶಾಂತಿ, ಅಂದರೆ ತಾಳ್ಮೆ, ಅಂದಾಗ ನನಗೆ ಕಿಟೆಲ್ ನೆನಪಾಗುತ್ತಾರೆ. ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂತು. ಆ ಮಿಶನ್ನಿನ ಕಿಟೆಲ್ 1853ರಲ್ಲಿ ಬಂದರು, ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಕೊಟ್ಟ ಕೆಲಸವನ್ನು ಅಷ್ಟು ಕಾಲ ಬಿಡದೆ ಹಿಡಿದದ್ದೂ ನಂಬಿಗಸ್ತಿಕೆಯೇ.

ಇನ್ನು ಮತ್ತಾಯ 5:23-24. ಕಾಣಿಕೆ ತಂದವನಿಗೆ ಯಜ್ಞವೇದಿಯ ಮುಂದೆ ನೆನಪಾಗುತ್ತದೆ, ಸಹೋದರನಿಗೆ ತನ್ನ ಮೇಲೆ ಏನೋ ಇದೆ ಅಂತ. ತನಗೆ ಅವನ ಮೇಲಲ್ಲ, ಅವನಿಗೆ ತನ್ನ ಮೇಲೆ. ಕೇಳುತ್ತಿದ್ದವರು ಗಲಿಲಾಯದಲ್ಲಿದ್ದರು, ಯಜ್ಞವೇದಿ ಯೆರೂಸಲೇಮಿನಲ್ಲಿ. ಧಾರವಾಡದಿಂದ ಹಾವೇರಿಗಿಂತ ಜಾಸ್ತಿ ದೂರ, ಅದೂ ಕಾಲ್ನಡಿಗೆಯಲ್ಲಿ. ಕಾಣಿಕೆ ಅಲ್ಲೇ ಬಿಟ್ಟು ವಾಪಸ್ ಹೋಗಿ ಮೊದಲು ಸಮಾಧಾನವಾಗು ಅಂದರೆ ದಿನಗಟ್ಟಲೆ ಪ್ರಯಾಣ. ನಮಗೋ ಎದುರು ಬೆಂಚಿನವರೆಗೆ ನಡೆಯುವುದೇ ಕಷ್ಟ. ಕರ್ತನ ಭೋಜನಕ್ಕೆ (ಸಭೆಯಲ್ಲಿ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಮುಂಚಿನ ವಾರ ಈ ಎರಡು ವಚನ ಓದಿ, ಯಾರ ಮನೆಗೆ ಹೋಗಬೇಕು ಅಂತ ಯೋಚಿಸಿ.

ಮುಂದಿನ ಸಲಕ್ಕೆ ಯೋಬ 31 ಇಡೀ ಓದಿಕೊಂಡು ಬನ್ನಿ. ಅಲ್ಲಿ ಯೋಬನು ತನ್ನ ಕಣ್ಣು, ಆಳುಗಳ ದೂರು, ಅನಾಥರ ಜೊತೆ ಹಂಚಿಕೊಂಡ ತುತ್ತು, ಶತ್ರುವಿನ ಕೇಡಿಗೆ ಹಿಗ್ಗದಿರುವುದು, ಹಣ ಕೊಡದೆ ಉಂಡ ಹೊಲದ ಬೆಳೆ, ಹೀಗೆ ಒಂದೊಂದನ್ನೇ ದೇವರ ಮುಂದೆ ಎತ್ತಿ ಹೇಳುತ್ತಾನೆ. ಓದುವಾಗ ಯಾವ ವಚನ ಜಾಸ್ತಿ ಚುಚ್ಚುತ್ತದೋ ಅದನ್ನು ಗುರುತು ಹಾಕಿಕೊಳ್ಳಿ. ಅಲ್ಲಿಂದಲೇ ಮಾತು ಶುರುಮಾಡೋಣ.