ಕೋಡಿ ನೀರಿನ ಸದ್ದು ಎಲ್ಲಿಂದ ಬಂತು?

ಹಿರಿಯೂರು ಸಮೀಪದ ವಾಣಿವಿಲಾಸ ಸಾಗರವು 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಇಂಥ ಸುದ್ದಿಯನ್ನು ರೇಡಿಯೋಗೆ ಸಿದ್ಧಪಡಿಸುವಾಗ, ಸ್ಥಳದಲ್ಲಿ ಮುದ್ರಿಸಿಕೊಂಡ ನೀರಿನ ಸದ್ದು ಗಾಳಿಯ ಹೊಡೆತಕ್ಕೆ ಕೆಟ್ಟಿದ್ದರೆ, ಸ್ಟುಡಿಯೋ ಸಂಗ್ರಹದಲ್ಲಿರುವ ಯಾವುದೋ ಜಲಪಾತದ ಸದ್ದನ್ನು ಅಲ್ಲಿ ಕೂರಿಸಿಬಿಡುವ ಆಸೆ ಹುಟ್ಟುವುದು ಸಹಜ. ನೀರಿನ ಸದ್ದು ಎಲ್ಲಿಯದಾದರೇನು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ರೇಡಿಯೋ ನಾಟಕದಲ್ಲಿ ಅದು ಕಲೆ. ವರದಿಗಾರ ‘ಕೋಡಿಯ ಬಳಿ ನಿಂತಿದ್ದೇನೆ’ ಎಂದು ಹೇಳಿದ ಮೇಲೆ ಹಿನ್ನೆಲೆಯ ಸದ್ದೂ ಅವನ ಮಾತಿನಷ್ಟೇ ಹೊಣೆ ಹೊರಬೇಕಾದ ಸಾಕ್ಷ್ಯ. ಮುದ್ರಣ ಕೆಟ್ಟಿದ್ದರೆ ಆ ಸದ್ದನ್ನು ಕೈಬಿಟ್ಟು ಮಾತಿನಲ್ಲೇ ವಿವರಿಸಬಹುದು.

ಮುದ್ರಿತ ಧ್ವನಿಯ ಬಗೆಗಿನ ಅನುಮಾನ ಹಳೆಯದು. 1937ರ ಮೇ 6ರಂದು ಹಿಂಡೆನ್‌ಬರ್ಗ್ ವಾಯುನೌಕೆ ಹೊತ್ತಿ ಉರಿದಾಗ ರೇಡಿಯೋ ವರದಿಗಾರ ಹರ್ಬರ್ಟ್ ಮಾರಿಸನ್ ಧ್ವನಿತಟ್ಟೆಯ ಮೇಲೆ ಮುದ್ರಿಸಿದ ವಿವರಣೆಯನ್ನು ಬಿತ್ತರಿಸಲು, ಮುದ್ರಿಕೆಗಳನ್ನು ಪ್ರಸಾರ ಮಾಡುವುದಿಲ್ಲವೆಂಬ ತನ್ನ ನಿಯಮವನ್ನೇ ಅಮೆರಿಕದ ಎನ್‌ಬಿಸಿ ಜಾಲ ಸಡಿಲಿಸಬೇಕಾಯಿತು. ಆ ಮುದ್ರಿಕೆ ಇಂದು ಸಾಮಾನ್ಯವಾಗಿ ಕೇಳಸಿಗುವುದು ಮೂಲಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ. ಹಾಗಾಗಿ ಅವರ ಸ್ವರ ಸಹಜಕ್ಕಿಂತ ತೀಕ್ಷ್ಣವಾಗಿ ಕೇಳಿಸುತ್ತದೆ. ಯಾರೂ ಸುಳ್ಳು ಹೇಳದೆಯೂ ಯಂತ್ರದ ವೇಗವೊಂದೇ ಮನುಷ್ಯನ ಭಾವವನ್ನು ಹೆಚ್ಚಿಸಿ ತೋರಬಲ್ಲದು.

ಸಂದರ್ಶನದ ಎಡಿಟಿಂಗ್ ಇದಕ್ಕಿಂತ ಸೂಕ್ಷ್ಮ. ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ರೈತರನ್ನು ಮಾತನಾಡಿಸುವಾಗ ಹಿಂದೆ ಲಾರಿಯ ಸದ್ದು, ಹಮಾಲರ ಕೂಗು ಇದ್ದೇ ಇರುತ್ತವೆ. ಮಾತಿನ ನಡುವೆ ಕತ್ತರಿಸಿದರೆ ಆ ಕೂಗು ಅರ್ಧಕ್ಕೆ ನಿಂತು ಕತ್ತರಿ ಬಿದ್ದದ್ದು ಬಯಲಾಗುತ್ತದೆಂದು, ಅನುಭವಿಗಳು ಹಿನ್ನೆಲೆಯ ಸದ್ದನ್ನೇ ಒಂದೆರಡು ನಿಮಿಷ ಪ್ರತ್ಯೇಕವಾಗಿ ಮುದ್ರಿಸಿಕೊಂಡು ಬಂದು ಬೆಸುಗೆಯ ಅಡಿಯಲ್ಲಿ ಹಾಸುತ್ತಾರೆ. ಅದೇ ಜಾಗದ, ಅದೇ ಹೊತ್ತಿನ ಸದ್ದಾದ್ದರಿಂದ ಇದರಲ್ಲಿ ತಪ್ಪಿಲ್ಲ. ಆದರೆ ಏನನ್ನು ಕತ್ತರಿಸಿದ್ದೇವೆಂಬುದು ಕೇಳುಗರಿಗೆ ಇನ್ನು ಗೊತ್ತಾಗುವುದೇ ಇಲ್ಲ. ‘ಅಂದ್ರೆ’, ‘ಏನಪ್ಪಾ ಅಂದ್ರೆ’ಗಳನ್ನು ತೆಗೆಯಬಹುದು. ‘ಈ ಸಲ ರೇಟು ಪರವಾಗಿಲ್ಲ, ಆದ್ರೆ ಗೊಬ್ಬರದ ಖರ್ಚೂ ಗಿಟ್ಟಲಿಲ್ಲ’ ಎಂಬ ಮಾತನ್ನು ‘ಆದ್ರೆ’ಗೆ ಮೊದಲೇ ನಿಲ್ಲಿಸುವಂತಿಲ್ಲ. ಅಧಿಕಾರಿಯೊಬ್ಬರು ಪ್ರಶ್ನೆಗೆ ಉತ್ತರಿಸುವ ಮೊದಲು ನಾಲ್ಕು ಸೆಕೆಂಡು ಸುಮ್ಮನಿದ್ದರೆ, ನನ್ನ ಮಟ್ಟಿಗೆ ಆ ಮೌನವೂ ಉತ್ತರದ ಭಾಗ. ಸಮಯದ ಒತ್ತಡದಲ್ಲಿ ಮೊದಲು ಬಲಿಯಾಗುವುದೂ ಅದೇ.

ಹಳೆಯ ಮುದ್ರಿಕೆಯಾದರೆ ಎಂದಿನದೆಂದು ಹೇಳಬೇಕು. ಫೋನಿನ ಮಾತಾದರೆ ಮುದ್ರಿಸುವ ಮೊದಲೇ ಒಪ್ಪಿಗೆ ಕೇಳಬೇಕು. ಇವುಗಳಲ್ಲಿ ಚರ್ಚೆಗೆ ಹೆಚ್ಚಿನದೇನೂ ಇಲ್ಲ.

ಕಷ್ಟವಿರುವುದು ಗುರುತು ಮರೆಮಾಚಬೇಕಾದ ಧ್ವನಿಗಳಲ್ಲಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು, ಶಾಲೆ, ನೆರೆಹೊರೆಯಷ್ಟೇ ಅಲ್ಲದೆ, ಮಗುವಿನ ಗುರುತು ಬಯಲು ಮಾಡಬಹುದಾದ ಯಾವ ವಿವರವನ್ನೂ ಮಾಧ್ಯಮಗಳು ಪ್ರಕಟಿಸದಂತೆ ತಡೆಯುತ್ತದೆ. ಧ್ವನಿಯ ಸ್ಥಾಯಿಯನ್ನು (ಪಿಚ್) ತಗ್ಗಿಸಿದರೆ ಸಾಕೆಂದು ಹಲವರು ನಂಬಿದ್ದಾರೆ. ಆದರೆ ಅದೇ ತಂತ್ರಾಂಶದಿಂದ ಸ್ಥಾಯಿಯನ್ನು ಮತ್ತೆ ಏರಿಸಬಹುದು. ಏರಿಸದಿದ್ದರೂ, ಮೊಳಕಾಲ್ಮೂರು ಸೀಮೆಯ ಹಳ್ಳಿಯೊಂದರ ಮಾತಿನ ಧಾಟಿ, ಪದಗಳನ್ನು ಎಳೆಯುವ ರೀತಿ ಆ ಊರಿನವರಿಗೆ ಆಳನ್ನು ಗುರುತಿಸಿಕೊಡುತ್ತದೆ. ಗುರುತು ಮುಚ್ಚಿಡಬೇಕಾದದ್ದು ಮುಖ್ಯವಾಗಿ ಆ ಊರಿನವರಿಂದಲೇ. ಆದ್ದರಿಂದ ಇಂಥ ಹೇಳಿಕೆಯನ್ನು ಬೇರೊಬ್ಬರಿಂದ ಓದಿಸುವುದು ಸರಿಯಾದ ದಾರಿ. ಓದುತ್ತಿರುವವರು ಬೇರೆಯವರೆಂಬುದನ್ನು ಓದು ಶುರುವಾಗುವ ಮೊದಲೇ ಹೇಳಬೇಕು, ಮತ್ತು ಓದುವವರು ಅಳುವನ್ನು ಅಭಿನಯಿಸಬಾರದು.